ಹೋಟೆಲಿಗೆ ಹೋದ ಹುಡುಗರು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆ ಯಾವ ಮನೆಯ ಜಗಲಿಯಲ್ಲಿ ಕುಳಿತು ವಿಚಾರಿಸಿದರೂ ಹೋಟೆಲಿಗೆ ಹೋದ ಒಬ್ಬನಾದರೂ ಸಿಗುತ್ತಾನೆ. ಅಜ್ಜನ ತಮ್ಮ ಮದ್ರಾಸಿಗೆ ಹೋಗಿರುತ್ತಾನೆ, ಸೋದರಮಾವ ಮುಂಬಯಿಗೆ, ಇನ್ನೊಬ್ಬ ಘಟ್ಟ ಹತ್ತಿ ಬೆಂಗಳೂರಿಗೋ ಹುಬ್ಬಳ್ಳಿಗೋ. "ಅವ ಹೋಟೆಲಿನಲ್ಲಿದ್ದಾನೆ" ಎಂಬುದು ನಮ್ಮಲ್ಲಿ ಬಹಳ ಅನುಕೂಲದ ಮಾತು. ಹಾಗೆಂದರೆ ಮಾಲೀಕನಾಗಿ ಕ್ಯಾಶಿನಲ್ಲಿ ಕುಳಿತವನೂ ಆಗಬಹುದು, ಹಿಂದಿನ ಬಾಗಿಲ ಬಳಿ ಲೋಟ ತೊಳೆಯುವವನೂ ಆಗಬಹುದು. ಹೆಣ್ಣು ಕೇಳಲು ಬಂದವರ ಹತ್ತಿರವೂ ಆ ಒಂದೇ ಮಾತು, ಸಾಲ ಕೊಟ್ಟವರ ಹತ್ತಿರವೂ ಅದೇ ಮಾತು.

ಹೀಗೆ ಹೋದವರಲ್ಲಿ ಗೆದ್ದವರ ಕಥೆಯನ್ನು ನಾವು ಬಲ್ಲೆವು. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಊರಿನ ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಬರುತ್ತದೆ. ಸಾಧಕರ ಕಥೆ ಹೇಳುವುದು ನಮ್ಮಂಥ ಅಧ್ಯಾಪಕಿಯರ ಕಸುಬಿನ ಒಂದು ಭಾಗವೇ ಆಗಿರುವುದರಿಂದ ನಾನೂ ಹೇಳುತ್ತ ಬಂದಿದ್ದೇನೆ. ಹೇಳುವಾಗೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಹಸಿವಿನಿಂದ ಹೊರಟು ದೊಡ್ಡವನಾದ ಒಬ್ಬನನ್ನು ಹೊಗಳುವಾಗ, ಅವನು ನಡೆದ ದಾರಿಯನ್ನೂ ಹೊಗಳಿದ ಹಾಗಾಗುತ್ತದೆಯೇ? ಆ ದಾರಿಯಲ್ಲಿ ಮಕ್ಕಳನ್ನು ಕಳಿಸುವುದಕ್ಕೆ ಅವನ ಹೆಸರು ಒಂದು ಪರವಾನಗಿ ಆಗಬಹುದೇ?

ನಮ್ಮ ಭಾಗದ ಮಟ್ಟಿಗೆ ಈ ಪ್ರಶ್ನೆಗೆ ಅತ್ಯಂತ ಹತ್ತಿರದ ಹೆಸರು ಕಡಂದಲೆ ಕೃಷ್ಣರಾಯರದು. ಕಡಂದಲೆ ಮೂಡುಬಿದಿರೆಗೆ ಹತ್ತಿರದ ಹಳ್ಳಿ. ಅಲ್ಲಿಯ ಬಡ ಬ್ರಾಹ್ಮಣ ಕುಟುಂಬವೊಂದರಲ್ಲಿ 1898ರಲ್ಲಿ ಹುಟ್ಟಿದ ಅವರು ಉಡುಪಿಯ ಮಠದ ಅಡುಗೆಮನೆಯಲ್ಲಿ ಕೈಯಾಳಾಗಿ ದುಡಿದರು. 1920ರ ದಶಕದಲ್ಲಿ ಮದ್ರಾಸು ಸೇರಿ ಹೋಟೆಲಿನ ಅಡುಗೆಮನೆಯ ಕೆಳಗಿನ ಮೆಟ್ಟಿಲಿನಿಂದ ಶುರು ಮಾಡಿದರು. ಆ ದಶಕವೇ ನಮ್ಮ ಜಿಲ್ಲೆಯ ಪಾಲಿಗೆ ಕಷ್ಟದ್ದು. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಯನ್ನೇ ನುಂಗಿದ ನೆರೆಯನ್ನು ಹಿರಿಯರು 'ಮಾರಿಬೊಳ್ಳ' ಎಂದೇ ಕರೆಯುತ್ತಿದ್ದರು. ಗದ್ದೆ ಕೊಚ್ಚಿಹೋದವರಿಗೂ, ಗದ್ದೆಯೇ ಇಲ್ಲದವರಿಗೂ ಕಂಡ ದಾರಿ ಒಂದೇ. ಅನ್ನ ಬೇಯಿಸಲು ಬರುತ್ತದೆಯಲ್ಲ, ಬೇಯಿಸಿ ಬದುಕೋಣ ಎಂದು ಹೊರಟರು.

ಕೃಷ್ಣರಾಯರು ಮುಂದೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ನಡೆಸಿದರು. 1938ರಲ್ಲಿ ರಾಯಪೇಟೆಯ ದೊಡ್ಡ ಬಂಗಲೆಯೊಂದನ್ನು ಗೇಣಿಗೆ ಹಿಡಿದು ವುಡ್‌ಲ್ಯಾಂಡ್ಸ್ ಎಂಬ ಹೋಟೆಲು ತೆರೆದರು. ಶುದ್ಧ ಸಸ್ಯಾಹಾರ, ಉಳಿದುಕೊಳ್ಳಲು ಚೊಕ್ಕಟವಾದ ಕೋಣೆ, ಮದುವೆ ಮುಂಜಿ ಮಾಡಲು ಜಾಗ ಎಲ್ಲವೂ ಒಂದೇ ಆವರಣದಲ್ಲಿ ಸಿಗುವುದು ಅಂದಿಗೆ ಹೊಸತು. ಆಮೇಲೆ ಈಗಿನ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ಕೆಥೆಡ್ರಲ್ ರಸ್ತೆಯ ಮರಗಳ ನಡುವೆ ಡ್ರೈವ್-ಇನ್ ಆರಂಭವಾಯಿತು. ಕಾರಿನಲ್ಲೇ ಕುಳಿತು ದೋಸೆ ತಿನ್ನುವುದು ಮದ್ರಾಸಿಗೆ ಒಂದು ಸಂಭ್ರಮವಾಗಿತ್ತು. 2008ರಲ್ಲಿ ಅದು ಮುಚ್ಚಿ, 2010ರಲ್ಲಿ ಅದೇ ಜಾಗದಲ್ಲಿ ಸರಕಾರ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಮಾಡಿತು. ಕೃಷ್ಣರಾಯರು 1990ರವರೆಗೆ ಬಾಳಿದರು. ಮಠದ ಕೈಯಾಳಿನಿಂದ ಹೊರಟು, ನೀರುಳ್ಳಿ ಸೇರದ ಮಠದ ಅಡುಗೆಯ ರುಚಿಗೆ ನೀರುಳ್ಳಿ ಬಟಾಟೆಯ ಪಲ್ಯವನ್ನೂ ಒಗ್ಗಿಸಿ, ಮಸಾಲೆ ದೋಸೆಯನ್ನು ಮದ್ರಾಸಿನ ನಾಲಗೆಗೆ ಹಿಡಿಸಿದವರಲ್ಲಿ ಅವರು ಮುಖ್ಯರು. ಅವರೊಬ್ಬರೇ ಅಲ್ಲ. ಕೋಟದ ಕಡೆಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಯಿತು. ಕಾರ್ಕಳ ಕಡೆಯಿಂದ ಹೋದ ಎ. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು.

ಇವರ ಸಾಧನೆಯನ್ನು ನಾನು ಸಣ್ಣದು ಮಾಡಲಾರೆ. ಹೋಟೆಲು ಬರುವ ಮುಂಚೆ ಪರಊರಿಗೆ ಹೋದವನು ಉಣ್ಣಬೇಕಾದರೆ ನೆಂಟರ ಮನೆ ಹುಡುಕಬೇಕಿತ್ತು, ಇಲ್ಲವೇ ಛತ್ರ. ಅಲ್ಲಿ ಮೊದಲು ಕೇಳುವುದು ಜಾತಿ. ಹೋಟೆಲೂ ಮೊದಮೊದಲು ಅದನ್ನೇ ಕೇಳಿತು. ಬ್ರಾಹ್ಮಣರಿಗೆ ಬೇರೆ, ಉಳಿದವರಿಗೆ ಬೇರೆ ಎಂದು ಸಾಲು ಹಾಕಿದ ಹೋಟೆಲುಗಳಿದ್ದವು. ಹೋಟೆಲುಗಳ ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಶಬ್ದ ತೆಗೆಯಬೇಕೆಂದು 1957ರಲ್ಲಿ ಮದ್ರಾಸಿನಲ್ಲಿ ದ್ರಾವಿಡರ ಕಳಗದವರು ಚಳವಳಿಯನ್ನೇ ಮಾಡಬೇಕಾಯಿತು. ಆದರೂ ಕಾಲಕ್ರಮದಲ್ಲಿ, ಕೈಯಲ್ಲಿ ಚಿಲ್ಲರೆ ಇದ್ದವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಪಾತ್ರೆಯ ಸಾಂಬಾರು ತಿನ್ನುವ ಅಭ್ಯಾಸವನ್ನು ನಮ್ಮ ದೇಶಕ್ಕೆ ಮಾಡಿಸಿದ್ದರಲ್ಲಿ ಹೋಟೆಲಿನ ಪಾಲು ದೊಡ್ಡದು. ಅದು ಉಪದೇಶದಿಂದ ಆದದ್ದಲ್ಲ, ವ್ಯಾಪಾರದಿಂದ ಆದದ್ದು ಎಂಬುದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಹೆಂಗಸರಿಗೆ ಹೋಟೆಲು ಕೊಟ್ಟದ್ದೂ ಒಂದಿದೆ. ನಮ್ಮ ಅಮ್ಮ ವರ್ಷಕ್ಕೊಮ್ಮೆ ಬಟ್ಟೆ ತೆಗೆಯಲು ಮೂಡುಬಿದಿರೆ ಪೇಟೆಗೆ ಬರುತ್ತಿದ್ದರು. ಒಮ್ಮೆ ಅಪ್ಪ ಏನು ಮನಸ್ಸು ಬಂತೋ, ನಮ್ಮನ್ನು ಹೋಟೆಲಿನ 'ಫ್ಯಾಮಿಲಿ ರೂಮ್' ಎಂದು ಬರೆದ ಕೋಣೆಯ ಪರದೆ ಸರಿಸಿ ಕೂರಿಸಿದರು. ಅಮ್ಮನ ಎದುರು ಮಸಾಲೆ ದೋಸೆ ಬಂತು. ಮನೆಯಲ್ಲಿ ಕಾವಲಿಯ ಎದುರು ನಿಂತು ಹತ್ತು ಜನಕ್ಕೆ ದೋಸೆ ಹೊಯ್ದು, ಕಡೆಗೆ ತಣ್ಣಗಾದ ಎರಡನ್ನು ತಾನು ತಿನ್ನುವವರು ಅವರು. ಮುರಿದು ಒಂದು ತುಂಡು ಬಾಯಿಗಿಟ್ಟು, "ಬೇರೆಯವರು ಮಾಡಿದ್ದನ್ನು ಬಿಸಿ ಇರುವಾಗಲೇ ತಿಂದದ್ದು ನಾನು ಇವತ್ತೇ" ಎಂದರು. ರುಚಿಯ ವಿಚಾರ ಒಂದು ಮಾತೂ ಆಡಲಿಲ್ಲ. ಅಪ್ಪ ಬಿಲ್ಲು ಕೊಡುವಾಗ ಅವರು ಆ ಚೀಟಿಯನ್ನು ಕೇಳಿ ತೆಗೆದುಕೊಂಡು ನೋಡಿದ್ದು ನನಗೆ ನೆನಪಿದೆ. ದೋಸೆಗೆ ಒಂದು ಬೆಲೆ ಇದೆ ಎಂದು ಬರೆದದ್ದನ್ನು ಅವರು ಅಂದೇ ಮೊದಲು ಕಂಡದ್ದಿರಬೇಕು.

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳಬೇಕು. ನಾನು ಬೆಳ್ತಂಗಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. 1996ರ ಆಟಿ ತಿಂಗಳು. ಎಂಟನೆಯ ತರಗತಿಯ ಒಬ್ಬ ಹುಡುಗ ನಾಲ್ಕು ದಿನ ಬರಲಿಲ್ಲ. ಲೆಕ್ಕದಲ್ಲಿ ಚುರುಕು, ಅಕ್ಷರವೂ ಚೆಂದ. ಐದನೆಯ ದಿನ ಅವನ ತಾಯಿ ಬಂದರು. ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮನೆ ನಡೆಸುವವರು.

"ಅವನನ್ನು ಪುಣೆಗೆ ಕಳಿಸ್ತಾ ಇದ್ದೇನೆ ಟೀಚರ್. ನಮ್ಮ ಪೈಕಿಯವರೊಬ್ಬರು ಹೋಟೆಲಿಗೆ ಕರ್ಕೊಂಡು ಹೋಗ್ತೇನೆ ಅಂದಿದ್ದಾರೆ."

"ಇನ್ನು ಎರಡೂವರೆ ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಆಗ್ತದೆ ಅಕ್ಕ. ಅಷ್ಟರವರೆಗೆ ತಡ್ಕೊಳ್ಳಿ. ಅವ ಪಾಸಾಗುವ ಹುಡುಗ."

"ಪಾಸಾಗ್ತಾನೆ, ನನಗೂ ಗೊತ್ತುಂಟು. ಆದರೆ ಹೋಟೆಲಿನಲ್ಲಿ ಮೂರು ಹೊತ್ತು ಊಟ ಉಂಟಲ್ಲ ಟೀಚರ್. ನಮ್ಮಲ್ಲಿ ಒಂದು ಹೊಟ್ಟೆ ಕಡಿಮೆ ಆಗ್ತದೆ. ಶಾಲೆಯಲ್ಲಿ ಊಟ ಕೊಡ್ತೀರಾ ನೀವು?"

ನಾನು ಹೇಳುವುದನ್ನೆಲ್ಲ ಹೇಳಿದೆ, ಅವರು ಕೇಳುವುದನ್ನೆಲ್ಲ ಕೇಳಿದರು. ಹುಡುಗ ಹೋದ. ಆ ವರ್ಷದ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಯೊಬ್ಬರು, "ಶಾಲೆ ಕಲಿತವರೇ ದೊಡ್ಡವರಾಗುವುದಲ್ಲ, ನಮ್ಮ ಊರಿನ ಹೋಟೆಲಿನವರು ಲೋಟ ತೊಳೆದೇ ಕೋಟಿ ಮಾಡಿದರು" ಎಂದು ಭಾಷಣ ಮಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಎಂಟನೆಯ ತರಗತಿಯ ಸಾಲಿನಲ್ಲಿ ಒಂದು ಜಾಗ ಖಾಲಿ ಇದ್ದದ್ದು ಅತಿಥಿಗಳಿಗೆ ಗೊತ್ತಿರಲಿಲ್ಲ.

ಆ ಭಾಷಣದಲ್ಲಿ ಸುಳ್ಳಿರಲಿಲ್ಲ. ಲೆಕ್ಕ ಮಾತ್ರ ತಪ್ಪಿತ್ತು. ಗೆದ್ದವನು ವೇದಿಕೆಗೆ ಬರುತ್ತಾನೆ. ಅವನ ಜೊತೆ ಅದೇ ಬಸ್ಸು ಹತ್ತಿದ ಉಳಿದವರು ಬರುವುದಿಲ್ಲ. ಒಬ್ಬ ಹೊಗೆ ಕುಡಿದು ಕೆಮ್ಮು ಹಚ್ಚಿಕೊಂಡು ಊರಿಗೆ ಮರಳಿರುತ್ತಾನೆ. ಒಬ್ಬ ಮೂವತ್ತು ವರ್ಷ ಸಪ್ಲಾಯರ್ ಆಗಿಯೇ ಇದ್ದು ಮಂಡಿನೋವಿನೊಂದಿಗೆ ಮರಳಿರುತ್ತಾನೆ. ಒಬ್ಬನ ಸುದ್ದಿಯೇ ಇರುವುದಿಲ್ಲ. ಹೊಳೆ ದಾಟಿದವನನ್ನು ಮಾತ್ರ ಕೇಳಿದರೆ ಹೊಳೆ ಆಳವಿಲ್ಲ ಎಂದೇ ಹೇಳುತ್ತಾನೆ. ನೇತ್ರಾವತಿಯ ದಡದಲ್ಲಿ ಹುಟ್ಟಿದ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಕೃಷ್ಣರಾಯರಂಥವರು ಮೇಲೆ ಬಂದದ್ದು ಶಾಲೆ ಸಿಗದಿದ್ದ ಕಾರಣದಿಂದಲೋ, ಸಿಗದಿದ್ದರೂ ಎಂಬ ಹಾಗೋ? ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ. ಕಷ್ಟವೇ ಮನುಷ್ಯನನ್ನು ಮಾಡುತ್ತದೆ ಎಂದಾದರೆ ಕಷ್ಟಪಟ್ಟವರೆಲ್ಲ ವುಡ್‌ಲ್ಯಾಂಡ್ಸ್ ಕಟ್ಟಬೇಕಿತ್ತು. ಅವರೊಳಗಿದ್ದ ಬುದ್ಧಿ, ಶುಚಿ, ಜನರನ್ನು ಅರಿಯುವ ಗುಣ ಇವೆಲ್ಲ ಕಷ್ಟದ ಕೊಡುಗೆಯಲ್ಲ, ಕಷ್ಟ ಕೊಂದುಹಾಕದೆ ಉಳಿಸಿದ್ದು. ಹೋಟೆಲಿನ ಹುಡುಗರಿಗೇ ಇದು ಗೊತ್ತಿತ್ತು. ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳು ನಡೆದದ್ದು ಯಾರಿಗಾಗಿ? ಬೆಳಗಿನ ನಾಲ್ಕಕ್ಕೆ ಎದ್ದು, ದಿನವಿಡೀ ಟೇಬಲ್ ಒರೆಸಿ, ರಾತ್ರಿ ಪುಸ್ತಕ ಹಿಡಿದು ಬೆಂಚಿನಲ್ಲಿ ತೂಕಡಿಸುತ್ತ ಕುಳಿತ ನಮ್ಮ ಜಿಲ್ಲೆಯ ಹುಡುಗರಿಗಾಗಿ. ಅಲ್ಲಿ ಓದಿ ಬ್ಯಾಂಕಿಗೆ, ಕಚೇರಿಗೆ ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ. ಶಾಲೆ ಬೇಡವೆಂದು ಹೋಟೆಲಿಗೆ ಹೋದವರಾದರೆ ನಿದ್ದೆ ಬಿಟ್ಟು ಶಾಲೆಯನ್ನು ಹುಡುಕುತ್ತಿದ್ದರೇ?

ಆ ಕಾಲದ ಹೋಟೆಲಿನಲ್ಲಿ ಎಲ್ಲರಿಗಿಂತ ಕೆಳಗಿನ ಜಾಗ ರುಬ್ಬುವ ಕಲ್ಲಿನದು. ಕೊಯಮತ್ತೂರಿನಲ್ಲಿ 1955ರಲ್ಲಿ ಪಿ. ಸಭಾಪತಿ ಎಂಬವರು ವಿದ್ಯುತ್ತಿನ ಗ್ರೈಂಡರ್ ತಯಾರಿಸುವವರೆಗೆ ಇಡ್ಲಿ ದೋಸೆಯ ಹಿಟ್ಟೆಲ್ಲ ಯಾರದೋ ರಟ್ಟೆಯಿಂದಲೇ ಆಗಬೇಕಿತ್ತು. ಹುಡುಗನೊಬ್ಬ ಚುರುಕಾಗಿದ್ದರೆ ಕಲ್ಲಿನಿಂದ ಎದ್ದು ಕಾವಲಿಗೆ ಹೋದ, ಕಾವಲಿಯಿಂದ ಕ್ಯಾಶಿಗೆ ಹೋದ, ಒಂದು ದಿನ ತನ್ನದೇ ಹೋಟೆಲು ಹಾಕಿದ. ಉಡುಪಿ ಹೋಟೆಲುಗಳು ಹರಡಿದ್ದೇ ಹೀಗೆ ಕೈಯಾಳುಗಳು ಮಾಲೀಕರಾಗಿ. ಇದು ಮೆಚ್ಚಬೇಕಾದ ಮಾತೇ. ಆದರೆ ಒಬ್ಬ ಎದ್ದ ಕೂಡಲೇ ಕಲ್ಲು ಖಾಲಿ ಬಿದ್ದಿರಲಿಲ್ಲ. ಅಲ್ಲಿ ಇನ್ನೊಬ್ಬ ಹುಡುಗ ಬಂದು ಕುಳಿತ. ಎದ್ದವನ ದೊಡ್ಡತನವನ್ನು ಅವನು ಎಷ್ಟು ಎತ್ತರಕ್ಕೆ ಹೋದ ಎಂಬುದರಿಂದ ನೋಡುವುದು ಲೋಕದ ರೂಢಿ. ಕುಳಿತವನನ್ನು ಅವನು ಹೇಗೆ ನೋಡಿಕೊಂಡ ಎಂಬುದರಿಂದ ನೋಡಬೇಕು ಎಂದು ನನಗನ್ನಿಸುತ್ತದೆ.

ಅದೇ ಕಲ್ಲು ನಮ್ಮ ಮನೆಗಳಲ್ಲಿಯೂ ಇತ್ತಲ್ಲ. ಅಲ್ಲಿಂದ ಎದ್ದು ಕ್ಯಾಶಿಗೆ ಹೋದ ಹೆಂಗಸು ಯಾರು? ಹೋಟೆಲಿನಲ್ಲಿ ರುಬ್ಬಿದವನಿಗೆ ಸಣ್ಣದಾದರೂ ಸಂಬಳ, ದೊಡ್ಡದಾದ ಒಂದು ಆಸೆ ಎರಡೂ ಇದ್ದವು. ಮನೆಯಲ್ಲಿ ರುಬ್ಬಿದವಳಿಗೆ 'ಕೈರುಚಿ ಒಳ್ಳೆಯದು' ಎಂಬ ಮಾತು ಸಿಕ್ಕಿದರೆ ಅದೇ ಬಹುಮಾನ. ಗಂಡಸು ಬೇಯಿಸಿದರೆ ಉದ್ಯಮ, ಹೆಂಗಸು ಬೇಯಿಸಿದರೆ ಧರ್ಮ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಪ್ರೀತಿಯಿಂದ ಬಡಿಸಿದ್ದಕ್ಕೆ ಬಿಲ್ಲು ಕೊಡಬೇಕೆಂದೂ ಹೇಳುತ್ತಿಲ್ಲ. ದುಡ್ಡು ತೆಗೆದುಕೊಂಡು ಬಡಿಸಿದ್ದು ಕೀಳು, ಸುಮ್ಮನೆ ಬಡಿಸಿದ್ದು ಮೇಲು ಎಂದು ಹೇಳುವವರು ಸುಮ್ಮನೆ ಬಡಿಸುವವಳ ರಟ್ಟೆಯನ್ನೊಮ್ಮೆ ನೋಡಬೇಕು ಎಂದಷ್ಟೇ ಹೇಳುತ್ತಿದ್ದೇನೆ.

ಅನ್ನ ಕೊಟ್ಟವನು ದೊಡ್ಡವನು ಎಂಬುದು ನಮ್ಮ ನೆಲದಲ್ಲಿ ಹಾಸುಹೊಕ್ಕಾದ ಭಾವನೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ದಿನವೂ ಸಾವಿರಾರು ಮಂದಿ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಆದರೆ ಅಲ್ಲಿ ಹೇಳುವುದು ಒಂದು ದಾನವನ್ನಲ್ಲ, ನಾಲ್ಕನ್ನು: ಅನ್ನ, ಔಷಧ, ವಿದ್ಯೆ, ಅಭಯ. ಹದಿನೆಂಟು ಬಸದಿಗಳ ಮೂಡುಬಿದಿರೆಯ ಜೈನರಲ್ಲಿಯೂ ಇದೇ ನಾಲ್ಕು. ವಿದ್ಯೆಯನ್ನು ಅವರು ಶಾಸ್ತ್ರದಾನ ಎನ್ನುತ್ತಾರೆ. ಹಿರಿಯರು ನಾಲ್ಕೆಂದು ಬೇರೆ ಬೇರೆ ಎಣಿಸಿದ್ದರಲ್ಲಿ ಅರ್ಥ ಇದೆ. ಒಂದನ್ನು ಕೊಟ್ಟರೆ ಇನ್ನೊಂದು ಕೊಟ್ಟ ಹಾಗಾಗುವುದಿಲ್ಲ. ಒಂದನ್ನು ಕೊಟ್ಟ ಋಣದಿಂದ ಇನ್ನೊಂದನ್ನು ಕಿತ್ತುಕೊಳ್ಳುವ ಹಕ್ಕೂ ಬರುವುದಿಲ್ಲ. "ಊಟ ಹಾಕಿದ್ದೇವಲ್ಲ" ಎನ್ನುವ ಮಾಲೀಕ ಹದಿಮೂರು ವರ್ಷದ ಹುಡುಗನಿಗೆ ಅನ್ನ ಕೊಟ್ಟದ್ದು ನಿಜ. ಅದರ ಬದಲಿಗೆ ಅವನ ವಿದ್ಯೆಯನ್ನೂ ಅಭಯವನ್ನೂ ತೆಗೆದುಕೊಂಡದ್ದೂ ನಿಜ.

ಹಾಗಾದರೆ ತಾಯಿಯದು ತಪ್ಪೇ? ಅಲ್ಲ. ಆಕೆಯ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸಮಾಜ. ಅದು ಬಹಳ ತಡವಾಗಿ ಕೊಟ್ಟಿತು. 2001ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶ ಮಾಡಿತು. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಿಗೂ ಬಂತು. 2007ರ ಹೊತ್ತಿಗೆ ಪ್ರೌಢಶಾಲೆಯ ಮಕ್ಕಳಿಗೂ ಸಿಕ್ಕಿತು. 1986ರ ಬಾಲಕಾರ್ಮಿಕ ಕಾಯಿದೆಯ ನಿಷೇಧದ ಪಟ್ಟಿಯಲ್ಲಿ ಹೋಟೆಲು ಇರಲಿಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು ಅಪರಾಧವಾಯಿತು. ಕಾಯಿದೆ ಬಾಗಿಲು ಮುಚ್ಚಿದ್ದಕ್ಕಿಂತಲೂ ಶಾಲೆಯ ಹಿಂದೆ ಹೊಗೆ ಎದ್ದದ್ದು ಹೆಚ್ಚು ಕೆಲಸ ಮಾಡಿದೆ ಎಂದು ನಾನು ಹಾಜರಿ ಪುಸ್ತಕ ನೋಡಿಯೇ ಹೇಳಬಲ್ಲೆ. ಅಲ್ಲಿ ಬೇಯಿಸುವವರು ಬಹುಮಟ್ಟಿಗೆ ಹೆಂಗಸರು. ಅವರಿಗೆ ಕೊಡುವುದಕ್ಕೆ ಸರಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಧನ ಸಣ್ಣದಾದಾಗ ಗೌರವ ಎಂಬ ಶಬ್ದವನ್ನು ಮುಂದೆ ಜೋಡಿಸುವುದು ಮನೆಯಿಂದಲೇ ಕಲಿತ ವಿದ್ಯೆ ಇರಬೇಕು.

ಪುಣೆಗೆ ಹೋದ ಹುಡುಗ ಈಗ ನಲವತ್ತು ದಾಟಿದ್ದಾನೆ. ಕೋಟಿ ಮಾಡಲಿಲ್ಲ, ಕೆಟ್ಟೂ ಹೋಗಲಿಲ್ಲ. ಬೇರೆಯವರ ಹೋಟೆಲಿನ ಕ್ಯಾಶಿನಲ್ಲಿ ಕುಳಿತುಕೊಳ್ಳುತ್ತಾನೆ. ಕಳೆದ ಸಲ ಜಾತ್ರೆಗೆ ಬಂದವನು ನಮ್ಮ ಮನೆಗೂ ಬಂದ. ಮಗಳು ಬಿ.ಕಾಂ. ಓದುತ್ತಾಳಂತೆ. ಮಗನನ್ನು ಏನು ಮಾಡುತ್ತಿ ಎಂದು ಕೇಳಿದೆ. "ಅವನಿಗೆ ಅಡುಗೆ ಅಂದರೆ ಆಸೆ ಟೀಚರ್. ಹೋಟೆಲ್ ಮ್ಯಾನೇಜ್‌ಮೆಂಟ್ ಕಲೀತೇನೆ ಅಂತಾನೆ. ಕಲಿಯಲಿ. ಕಲಿತು ಹೋಟೆಲಿಗೆ ಹೋಗುವುದು ಬೇರೆ, ಹಸಿದು ಹೋಗುವುದು ಬೇರೆ" ಎಂದ. ನಾನು ಇಷ್ಟುದ್ದ ಬರೆದದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ಕಸುಬಿನಲ್ಲಿ ಕೀಳಿಲ್ಲ. ಮಗುವಿಗೆ ಆಯ್ಕೆಯೇ ಇಲ್ಲದಂತೆ ಮಾಡುವುದರಲ್ಲಿ ಕೀಳಿದೆ.

ಆದ್ದರಿಂದ ಕಡಂದಲೆಯ ಕೃಷ್ಣರಾಯರ ಕಥೆಯನ್ನು ನಾನು ಈಗಲೂ ತರಗತಿಯಲ್ಲಿ ಹೇಳುತ್ತೇನೆ. ಸಂತೋಷದಿಂದಲೇ ಹೇಳುತ್ತೇನೆ, ನಮ್ಮ ಪಕ್ಕದ ಊರಿನ ಬಡವನೊಬ್ಬ ಮಹಾನಗರಕ್ಕೆ ಉಣ್ಣುವ ಹೊಸ ರೀತಿ ಕಲಿಸಿದ ಎಂಬುದು ಮಕ್ಕಳಿಗೆ ಗೊತ್ತಿರಬೇಕು. ಕಥೆ ಮುಗಿದ ಮೇಲೆ ಎರಡು ಪ್ರಶ್ನೆ ಕೇಳುತ್ತೇನೆ. ಅವರಿಗೆ ಶಾಲೆಯೂ ಊಟವೂ ಒಟ್ಟಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು? ಅವರು ಬಿಟ್ಟೆದ್ದ ಜಾಗದಲ್ಲಿ ಯಾರು ಕುಳಿತರು? ಮಕ್ಕಳು ಕೊಡುವ ಉತ್ತರ ಪ್ರತಿವರ್ಷ ಬೇರೆ ಬೇರೆ ಇರುತ್ತದೆ. ನನಗೆ ಉತ್ತರಕ್ಕಿಂತ ಅವರು ಆ ಜಾಗದ ಕಡೆ ಒಮ್ಮೆ ನೋಡಿದರೆ ಸಾಕು.

ಈಗ ನಮ್ಮ ಮಕ್ಕಳು ಹೋಟೆಲಿನ ಹಿಂದಿನ ಬಾಗಿಲಿಗೆ ಹೋಗುವುದು ಕಡಿಮೆಯಾಗಿದೆ. ಆದರೆ ಬಿ.ಸಿ. ರೋಡಿನ ಹೋಟೆಲಿನಲ್ಲಿ, ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನ ಬಳಿ ನಮ್ಮ ಎದುರಿನ ಟೇಬಲ್ ಒರೆಸುವ ಹುಡುಗ ಹಿಂದಿ ಮಾತಾಡುತ್ತಾನೆ, ಅಥವಾ ಘಟ್ಟದಾಚೆಯ ಕನ್ನಡ. ಒಡಿಶಾದಲ್ಲೋ ಬಿಹಾರದಲ್ಲೋ ಅಸ್ಸಾಮಿನಲ್ಲೋ ಯಾವುದೋ ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯಾಗಿದೆ. ಹಿಂದೆ ನಮ್ಮ ಅಣ್ಣತಮ್ಮಂದಿರನ್ನು ಪರಊರಿನವರು ಹೇಗೆ ನೋಡಬೇಕಿತ್ತು ಎಂದು ನಾವು ಬಯಸುತ್ತಿದ್ದೆವೋ ಹಾಗೆ ಅವನನ್ನು ನೋಡುವುದು ಈಗ ನಮ್ಮ ಸರದಿ. ದೊಡ್ಡವನಾದರೆ ಹೆಸರು ಕೇಳಿ ಒಂದು ಒಳ್ಳೆಯ ಮಾತಾಡೋಣ. ಚಿಕ್ಕವನೆಂದು ಕಂಡರೆ, ದೋಸೆ ತಣ್ಣಗಾದರೂ ಚಿಂತೆಯಿಲ್ಲ, ವಯಸ್ಸೆಷ್ಟು ಮಗಾ ಎಂದು ವಿಚಾರಿಸೋಣ. ಹದಿನಾಲ್ಕು ಆಗಿಲ್ಲವೆಂದಾದರೆ 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಫೋನು ಹೇಗೂ ಕೈಚೀಲದಲ್ಲಿಯೇ ಇರುತ್ತದೆ.